ನಿಲ್ಲಿಸುವ ಸನ್ನೆ

ಮೊದಲ ಪೆಟ್ಟು ಸುಜಿತನ ಕೆನ್ನೆಗೆ ಬಿತ್ತು, ಎರಡನೆಯದು ಅಡ್ಡ ಬಂದ ಮೊಣಕೈಗೆ. ಮೊಣಕೈಗೆ ಬಿದ್ದದ್ದರಿಂದ ನೋವಾದದ್ದು ಹೊಡೆದವನಿಗೇ. ಆ ಸಿಟ್ಟಿಗೆ ಗೇಬ್ರಿಯಲ್ ಮಾಸ್ತರ್ ಇನ್ನೊಂದು ಬಿಗಿದ. ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ನಾಲಗೆಗಳು ಮರದ ಪ್ಯಾಲೆಟ್ಟನ್ನು ಸೀಳಿಕೊಂಡು ಆಚೆ ಬಂದಿದ್ದವು. ಅಭ್ಯಾಸಕ್ಕೆಂದು ಅದರ ಮೇಲೆ ಪೇರಿಸಿದ್ದ ಚೀಲಗಳಲ್ಲಿ ಒಂದು ಒಡೆದು, ಮರಳು ಸಿಮೆಂಟಿನ ನೆಲದ ಮೇಲೆ ಸುಮ್ಮನೆ ಸುರಿಯುತ್ತಿತ್ತು.

"ಫೋರ್ಕ್ ಒಳಗೆ ಹೋಗುವ ಮೊದ್ಲು ಎಂತ ನೋಡ್ಬೇಕು?"

"ಲೆವೆಲ್, ಸರ್."

"ನೋಡಿದ್ಯಾ?"

"ಇಲ್ಲ ಸರ್."

"ಮತ್ತೆ ಆ ಎರಡು ಕಣ್ಣು ಎಂತಕ್ಕೆ ಇಟ್ಕೊಂಡದ್ದು ಮಾರಾಯಾ, ರೀಲ್ಸ್ ನೋಡ್ಲಿಕ್ಕಾ?"

ಗೇಬ್ರಿಯಲ್ ಬಲಗೈಯನ್ನು ತಲೆಯಿಂದ ಮೇಲಕ್ಕೆತ್ತಿ, ಅಂಗೈ ಬಿಡಿಸಿ ಹಾಗೆಯೇ ಹಿಡಿದ. ಈ ಸಲ ಹೊಡೆಯಲಿಲ್ಲ. ಇದು ಅವನ ಪದ್ಧತಿ. ಕೈಯನ್ನು ಎತ್ತಿ ಗಾಳಿಯಲ್ಲಿ ಒಂದಿಷ್ಟು ನಿಲ್ಲಿಸಬೇಕು, ಪೆಟ್ಟಿಗಿಂತ ಪೆಟ್ಟಿಗೆ ಕಾಯುವುದೇ ಹೆಚ್ಚು ಕಲಿಸುತ್ತದೆ ಎಂಬುದು ಅವನ ಸಿದ್ಧಾಂತ. ಸುಜಿತ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮುದುಡಿದ. ಹಳದಿ ಗೆರೆಯ ಆಚೆ ಸಾಲಾಗಿ ನಿಂತಿದ್ದ ಉಳಿದ ಕಲಿಯುವವರು ನಕ್ಕರು. ತಮ್ಮ ಸರದಿ ಬರುವವರೆಗೆ ನಗಬಹುದಲ್ಲ.

"ಸುಜಿತಂದು ಅಟೆಸ್ಟೇಶನ್ ಆಯ್ತು," ಎಂದ ಜಂಶೀರ್. ಮಂಜೇಶ್ವರದ ಹುಡುಗ, ಬಾಯಿ ಸುಮ್ಮನಿರದವನು. ದುಬೈಯಲ್ಲಿ ಯಾವ ಸರ್ಟಿಫಿಕೇಟಿಗೂ ನಾಲ್ಕು ಕಚೇರಿಗಳ ಮೊಹರು ಬೀಳದೆ ಬೆಲೆಯಿಲ್ಲ. ಮಾಸ್ತರರ ಮೊಹರು ಬೀಳುವುದು ಕೆನ್ನೆಗೆ ಎಂದು ಅವನು ಕೆಲಸಗಾರರ ಕ್ಯಾಂಪಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನ ಕೆನ್ನೆಯೂ ಮೊಹರು ಕಂಡದ್ದೇ.

ಜೆಬೆಲ್ ಅಲಿಯ ಗೋದಾಮುಗಳ ಸಾಲು ಮುಗಿಯುವಲ್ಲಿ ಶಾಮಸುಂದರರ ತರಬೇತಿ ಕೇಂದ್ರ. ತಗಡಿನ ದೊಡ್ಡದೊಂದು ಶೆಡ್ಡು, ಎರಡು ಹಳೆಯ ಡೀಸೆಲ್ ಫೋರ್ಕ್‌ಲಿಫ್ಟು, ಏಸಿ ಹಾಕಿದ ಒಂದು ಕ್ಲಾಸ್‌ರೂಮು. ಬೆನ್ನ ಮೇಲೆ ಚೀಲ ಹೊರುವ ಹೆಲ್ಪರ್ ಇಲ್ಲಿಗೆ ಬಂದು, ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದರೆ ಆಪರೇಟರ್ ಆಗುತ್ತಾನೆ. ಚೀಲದ ಅಡಿಯಿಂದ ಎದ್ದು ಸೀಟಿನ ಮೇಲೆ ಕೂರುತ್ತಾನೆ, ಸಂಬಳ ದುಪ್ಪಟ್ಟಾಗುತ್ತದೆ, ಊರಿನಲ್ಲಿ ತಂಗಿ ಕಾಲೇಜು ಬಿಡುವುದು ತಪ್ಪುತ್ತದೆ. ಇದು ಸುಳ್ಳಲ್ಲ. ಗೇಬ್ರಿಯಲ್ ಅದನ್ನು ಕಣ್ಣಾರೆ ಕಂಡಿದ್ದ, ಅವನ ಕೈಕೆಳಗೆ ಕಲಿತವರು ಈಗ ಖತರ್‌ನಲ್ಲೂ ಸಲಾಲಾದಲ್ಲೂ ಇದ್ದಾರೆ, ಕ್ರಿಸ್ಮಸ್ಸಿಗೆ ತಪ್ಪದೆ ಫೋನು ಮಾಡುತ್ತಾರೆ. ಅವನ ಬ್ಯಾಚಿನಲ್ಲಿ ಫೇಲಾದವರು ಬಲು ಕಡಿಮೆ. ಆ ಹೆಮ್ಮೆಯಲ್ಲೇ ಶಾಮಸುಂದರರು ಹೊಡೆತದ ಸಂಗತಿಯನ್ನು ಹೊಟ್ಟೆಗೆ ಹಾಕಿಕೊಂಡಿದ್ದರು. ಶೆಡ್ಡಿನೊಳಗಿನ ಕೆಮರಾ ಎಂದೋ ಒಂದು ದಿನ ಗೇಟಿನ ಕಡೆಗೆ ಮುಖ ತಿರುಗಿಸಿಕೊಂಡಿತ್ತು.

ಸುಜಿತನನ್ನು ತಂದು ಬಿಟ್ಟವನು ಅವನ ಸೋದರಮಾವ ಮೋಹನದಾಸ್. ಅಲ್ ಕುಸೈಸ್‌ನಲ್ಲಿ ಗೇಬ್ರಿಯಲ್‌ನ ಕಟ್ಟಡದಲ್ಲೇ ಇರುವವನು. ಬಿಟ್ಟು ಹೋಗುವಾಗ ಅವನು ಹೇಳಿದ್ದು, ಕರಾವಳಿಯ ಶಾಲೆಗಳ ಜಗಲಿಯಲ್ಲಿ ಅಪ್ಪಂದಿರೂ ಮಾವಂದಿರೂ ಹೇಳುತ್ತ ಬಂದ ಅದೇ ಮಾತನ್ನು.

"ಕಣ್ಣೊಂದು ಬಿಟ್ಟು ಬಾಕಿ ಎಲ್ಲಿ ಬೇಕಾದ್ರೂ ಹೊಡೀರಿ ಮಾಸ್ತರೆ. ಕಲ್ತರೆ ಸಾಕು ನಂಗೆ."

ಶಿರ್ವದ ಶಾಲೆಯಲ್ಲಿ ಗೇಬ್ರಿಯಲ್‌ನ ಅಪ್ಪನೂ ಹಾಗೆಯೇ ಹೇಳಿ ಕೈ ಮುಗಿದಿದ್ದ. ಬಾಸುಂಡೆ ಎದ್ದ ಕಾಲಿನಲ್ಲೇ ಗೇಬ್ರಿಯಲ್ ಮಗ್ಗಿ ಕಲಿತ, ಇಂಗ್ಲಿಷ್ ಕಲಿತ, ಐಟಿಐ ಮುಗಿಸಿದ, ಸಮುದ್ರ ದಾಟಿದ. ಹೆಂಚಿನ ಮನೆ ತಾರಸಿಯಾದದ್ದು ಪೆಟ್ಟಿನಿಂದ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಹಾಗೆಂದು ಸ್ವಂತ ಮಗ ಆಶ್ಲೆಯ ಮೇಲೆ ಕೈ ಮಾಡಿದವನಲ್ಲ. ಒಮ್ಮೆ, ಹುಡುಗ ಚಿಕ್ಕವನಿದ್ದಾಗ, ಭಾಗಾಕಾರ ತಪ್ಪಿದ್ದಕ್ಕೆ ಕೈ ಎತ್ತಿದ್ದುಂಟು. ಆಶ್ಲೆ ಪೆನ್ಸಿಲ್ ಕೆಳಗಿಟ್ಟು, "ದಾದಾ, ದಟ್ಸ್ ನಾಟ್ ಅಲೌಡ್," ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಎತ್ತಿದ ಕೈ ಇಳಿಯಿತು. ಮನೆಯಲ್ಲಿ ಇಳಿದದ್ದು ಶೆಡ್ಡಿನಲ್ಲಿ ಏಳುತ್ತದೆ ಎಂದು ಹೆಂಡತಿ ಮಾರ್ಟಿನಾ ಆಗಾಗ ಚುಚ್ಚುತ್ತಿದ್ದಳು. ಗೇಬ್ರಿಯಲ್ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅತಿಥಿಗಳು ಬಂದದ್ದು ಮುಂದಿನ ವಾರ. ಆಫ್ರಿಕಾದ, ಏಷ್ಯಾದ ಬೇರೆ ಬೇರೆ ದೇಶಗಳ ಅಧಿಕಾರಿಗಳು, ತಮ್ಮಲ್ಲೂ ಇಂಥ ಕೇಂದ್ರ ತೆರೆಯಬಹುದೇ ಎಂದು ನೋಡಲು ಬಂದವರು. ಶಾಮಸುಂದರರು ಟೈ ಕಟ್ಟಿದ್ದರು. ಕ್ಲಾಸ್‌ರೂಮಿನ ಬ್ಯಾನರಿನ ಕೆಳಗೆ ನಿಂತು, ಕಲಿತ ಒಂದು ಕೈ ಒಂದು ಮನೆಯನ್ನು ಎತ್ತುತ್ತದೆ, ಸಾವಿರ ಮನೆ ಎದ್ದರೆ ಊರು ಏಳುತ್ತದೆ, ಊರುಗಳು ಎದ್ದರೆ ದೇಶ ಎಂದು ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಹೇಳಿದರು. ಆಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆತಂದು, "ಗೇಬ್ರಿಯಲ್, ಯಲ್ಲಾ, ಶುರು ಮಾಡು," ಎಂದರು.

ಗೇಬ್ರಿಯಲ್ ಸುಜಿತನನ್ನೇ ಕೂರಿಸಿದ. ಪೆಟ್ಟು ತಿಂದ ಮೇಲೆ ಅವನ ಕೈ ಕುದುರಿತ್ತು, ಬ್ಯಾಚಿಗೇ ಒಳ್ಳೆಯವನಾಗಿದ್ದ. ಮರಳುಚೀಲದ ಪ್ಯಾಲೆಟ್ಟನ್ನು ಮೊಟ್ಟೆ ಎತ್ತಿದಷ್ಟು ಮೆಲ್ಲಗೆ ಎತ್ತಿ, ನೆಲದಿಂದ ಗೇಣುದ್ದ ಮೇಲೆ ಹಿಡಿದು, ಪ್ಲಾಸ್ಟಿಕ್ ಕೋನುಗಳ ನಡುವೆ ಹಾವಿನಂತೆ ನುಸುಳಿಸಿಕೊಂಡು ಬಂದ. ಒಬ್ಬ ಹೆಂಗಸು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಸುಜಿತನ ಮುಖದಲ್ಲಿ ಸಣ್ಣ ನಗು ಬಂದಿತ್ತು, ಗೇಬ್ರಿಯಲ್‌ನ ಎದೆಯೂ ಉಬ್ಬಿತ್ತು.

ಕೊನೆಯ ತಿರುವಿನಲ್ಲಿ ಒಂದು ಕೋನು ಅಡ್ಡ ಬಿತ್ತು. ರ‍್ಯಾಕಿನ ಬಳಿ ನಿಂತಿದ್ದ ಜಂಶೀರ್, ಅತಿಥಿಗಳೆದುರು ಅದು ಚಂದ ಕಾಣುವುದಿಲ್ಲವೆಂದು ನೆಟ್ಟಗೆ ಮಾಡಲು ಒಳಗೆ ಕಾಲಿಟ್ಟ. ಅವನ ಬೆನ್ನಿಗೆ ರ‍್ಯಾಕಿನ ಕಬ್ಬಿಣದ ಕಂಬ, ಎದುರಿಗೆ ಬರುತ್ತಿರುವ ಗಾಡಿ. ಗೇಬ್ರಿಯಲ್ ನೋಡಿದ. ಇನ್ನೂ ಜಾಗ ಇತ್ತು, ನಿಲ್ಲಿಸಿದರೆ ಸಾಕಿತ್ತು. ಅವನು ಎರಡು ಹೆಜ್ಜೆ ಮುಂದೆ ಬಂದು ಬಲಗೈಯನ್ನು ತಲೆಯಿಂದ ಮೇಲಕ್ಕೆತ್ತಿ ಅಂಗೈ ಬಿಡಿಸಿ ಹಿಡಿದ.

ಸುಜಿತ ಸ್ಟೇರಿಂಗ್ ಬಿಟ್ಟ. ಎರಡೂ ಕೈ ತಲೆಗೆ ಹೋದವು, ಮೈ ಮುದುಡಿತು. ಮುದುಡಿದ ಮೈಯ ಭಾರವೆಲ್ಲ ಬಲಗಾಲಿಗೆ ಇಳಿದು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿತು. ಗಾಡಿ ಒಮ್ಮೆ ಘರ್ಜಿಸಿ ಮುಂದಕ್ಕೆ ಹಾರಿತು.

ಒಣ ಕಟ್ಟಿಗೆ ಮುರಿದ ಸದ್ದು ಕೇಳಿಸಿತು. ಆಮೇಲೆ ಜಂಶೀರನ ಕೂಗು. ಪ್ಯಾಲೆಟ್ಟಿನ ಅಂಚು ಅವನ ಎಡ ಮೊಳಕಾಲಿನ ಕೆಳಗೆ ಹೊಕ್ಕು, ಕಾಲನ್ನು ಕಂಬಕ್ಕೆ ಸೇರಿಸಿ ಅರೆದಿತ್ತು. ಗಾಡಿ ಇನ್ನೂ ಮುಂದಕ್ಕೆ ಒತ್ತುತ್ತಿತ್ತು, ಟಯರು ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸುತ್ತಿತ್ತು. ಗೇಬ್ರಿಯಲ್ ಹಾರಿ ಹತ್ತಿ ಸುಜಿತನನ್ನು ಒದ್ದು ಕೆಳಗೆ ಬೀಳಿಸಿ ರಿವರ್ಸ್ ಹಾಕಿದ. ಗಾಡಿ ಹಿಂದೆ ಸರಿದದ್ದೇ, ಅಷ್ಟು ಹೊತ್ತು ತಡೆದಿದ್ದ ರಕ್ತ ಒಮ್ಮೆಗೇ ನುಗ್ಗಿತು. ಜಂಶೀರ್ ಕುಸಿದ. ಕಾಲು ಮಾತ್ರ ಬೇರೆ ಕಡೆಗೆ ಮುಖ ಮಾಡಿ ಬಿದ್ದಿತ್ತು. ಗೇಬ್ರಿಯಲ್ ತನ್ನ ಬೆಲ್ಟು ಬಿಚ್ಚಿ ಅವನ ತೊಡೆಗೆ ಬಿಗಿದ, ಮೊಣಕಾಲೂರಿ ಎಳೆದು ಹಿಡಿದ. "ಉಮ್ಮಾ, ಉಮ್ಮಾ" ಎನ್ನುತ್ತಿದ್ದ ಹುಡುಗ ಅವನ ಅಂಗಿಯನ್ನು ಹಿಡಿದು ಹರಿದ.

ಶಾಮಸುಂದರರು ಅತಿಥಿಗಳನ್ನು ಏಸಿ ರೂಮಿಗೆ ಸಾಗಿಸಿದರು. ಆಂಬುಲೆನ್ಸ್ ಬಂದು ಜಂಶೀರನನ್ನು ಒಯ್ದ ಮೇಲೆ ಗೇಬ್ರಿಯಲ್ ಸುಜಿತನ ಕಡೆ ತಿರುಗಿದ. ಸುಜಿತ ಬಿದ್ದಲ್ಲೇ ಕೂತಿದ್ದ. ಗೇಬ್ರಿಯಲ್ ಅವನ ಕಾಲರು ಹಿಡಿದು ಎತ್ತಿ ನಿಲ್ಲಿಸಿ ಹೊಡೆದ. ಈ ಸಲ ಕಲಿಸಲಿಕ್ಕಲ್ಲ, ಕೊಲ್ಲಲಿಕ್ಕೆ ಎಂಬಂತೆ ಹೊಡೆದ. ಮುಷ್ಟಿಯಿಂದ ಹೊಡೆದ. ಸುಜಿತನ ಹುಬ್ಬು ಒಡೆಯಿತು, ಹಲ್ಲಿಗೆ ತುಟಿ ಸಿಕ್ಕಿತು. ಯಾರೂ ಬಿಡಿಸಲು ಬರಲಿಲ್ಲ.

"ಸ್ಟೇರಿಂಗ್ ಯಾಕೆ ಬಿಟ್ಟೆ? ಹೇಳು! ಯಾಕೆ ಬಿಟ್ಟೆ?"

"ಗೊತ್ತಿಲ್ಲ ಸರ್," ಎಂದ ಸುಜಿತ. "ಸತ್ಯವಾಗ್ಲೂ ಗೊತ್ತಿಲ್ಲ. ಕೈ ಹೇಗೆ ಬಿಟ್ಟದ್ದು ಅಂತ ನಂಗೇ ಗೊತ್ತಿಲ್ಲ."

ಜಂಶೀರನ ಕಾಲನ್ನು ಮೊಳಕಾಲಿನ ಕೆಳಗೆ ಕತ್ತರಿಸಿದರು. ಗೇಬ್ರಿಯಲ್ ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದ. ಹೋಗಲು ಧೈರ್ಯ ಬರಲು ಅಷ್ಟು ಹಿಡಿಯಿತು. ಕಾರಿಡಾರಿನ ಬೆಂಚಿನಲ್ಲಿ ಮೋಹನದಾಸ್ ಕೂತಿದ್ದ, ಪಕ್ಕದಲ್ಲಿ ಸುಜಿತ. ಸುಜಿತನ ಎಡಗಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು.

ಮೋಹನದಾಸ್ ಎದ್ದು ನಿಂತ. ಜಗಳಕ್ಕೆ ಬರುತ್ತಾನೆ ಎಂದುಕೊಂಡ ಗೇಬ್ರಿಯಲ್. ಬಂದರೆ ಒಳ್ಳೆಯದಿತ್ತು.

"ಕಣ್ಣೊಂದು ಬಿಡಿ ಅಂತ ಹೇಳಿದ್ದೆ, ಮಾಸ್ತರೆ," ಎಂದ ಮೋಹನದಾಸ್, ಮೆಲ್ಲಗೆ.

ಗೇಬ್ರಿಯಲ್ ಒಳಗೆ ಹೋದ. ಜಂಶೀರ್ ದಿಂಬಿಗೆ ಒರಗಿ ಮಲಗಿದ್ದ. ಹೊದಿಕೆ ಒಂದು ಕಡೆ ಮೊಳಕಾಲಿನ ತನಕ ಉಬ್ಬಿ, ಆಮೇಲೆ ಚಪ್ಪಟೆಯಾಗಿತ್ತು. ಅತ್ತ ನೋಡಬಾರದೆಂದು ಎಷ್ಟು ಗಟ್ಟಿ ಮಾಡಿಕೊಂಡರೂ ಗೇಬ್ರಿಯಲ್‌ನ ಕಣ್ಣು ಅಲ್ಲಿಗೇ ಹೋಯಿತು.

"ಬನ್ನಿ ಸರ್," ಎಂದ ಜಂಶೀರ್. "ಇನ್ನು ನಂಗೆ ಬ್ರೇಕು, ಕ್ಲಚ್ಚು ಎರಡೂ ಒಂದೇ ಕಾಲಲ್ಲಿ. ನೀವು ಹೊಸ ಸಿಲೆಬಸ್ ಮಾಡ್ಬೇಕು."

ಗೇಬ್ರಿಯಲ್ ಏನು ಮಾಡುವುದೆಂದು ತಿಳಿಯದೆ, "ನೀರು ಬೇಕಾ?" ಎಂದು ಕೇಳಿ, ಮಂಚದ ತಲೆಯ ಕಡೆ ಮೇಲಿನ ಶೆಲ್ಫಿನಲ್ಲಿದ್ದ ಬಾಟಲಿಗೆ ಬಲಗೈ ಎತ್ತಿದ.

ಜಂಶೀರ್ ತಲೆ ಮುಚ್ಚಿಕೊಂಡ. ಎರಡೂ ಕೈಗಳಿಂದ. ಡ್ರಿಪ್ಪಿನ ಸೂಜಿ ಎಳೆದು ನಳಿಗೆಯೊಳಗೆ ರಕ್ತ ಹಿಂದಕ್ಕೆ ಹರಿಯಿತು, ಸ್ಟ್ಯಾಂಡು ವಾಲಿ ಗೋಡೆಗೆ ಬಡಿಯಿತು. ಮರುಗಳಿಗೆಯಲ್ಲೇ ಅವನು ಕೈ ತೆಗೆದು ನಾಚಿಕೆಯಿಂದ ನಕ್ಕ.

"ಅಭ್ಯಾಸ ಸರ್. ಎಂತ ಮಾಡುದು."

ಗೇಬ್ರಿಯಲ್ ಬಾಟಲಿ ಹಿಡಿದುಕೊಂಡು ನಿಂತೇ ಇದ್ದ. ಶೆಡ್ಡು, ಗಾಡಿ, ತಾನು ಎತ್ತಿದ ಅಂಗೈ, ಅದನ್ನು ಕಂಡು ಮುದುಡಿದ ಸುಜಿತ ಎಲ್ಲ ಒಮ್ಮೆಗೇ ಕಣ್ಣೆದುರು ಬಂದವು. ನರ್ಸು ಬಂದು ಅವನ ಕೈಯಿಂದ ಬಾಟಲಿ ತೆಗೆದುಕೊಂಡು, ವಾಲಿದ ಸ್ಟ್ಯಾಂಡನ್ನು ನೆಟ್ಟಗೆ ಮಾಡಿದಳು.

ಎತ್ತಿದ ತನ್ನ ಕೈ ಕಂಡೇ ಸುಜಿತ ಸ್ಟೇರಿಂಗ್ ಬಿಟ್ಟದ್ದೆಂದು ಶಾಮಸುಂದರರಿಗೆ ಅವನು ಅಂದೇ ಹೇಳಿದ. ಅವರು ಟೇಬಲ್ಲಿನ ಆಚೆಯಿಂದ ಅವನನ್ನು ದಿಟ್ಟಿಸಿ ನೋಡಿ, ಎದ್ದು ಬಾಗಿಲು ಮುಚ್ಚಿದರು.

"ಅದನ್ನು ಇನ್ನೊಂದು ಸಲ ಬಾಯಲ್ಲಿ ತರ್ಬೇಡ. ಇಲ್ಲಿ ಒಬ್ಬನ ಮೇಲೆ ಕೈ ಮಾಡಿದ್ರೆ ಪೊಲೀಸ್ ಕೇಸ್ ಅಂತ ಗೊತ್ತುಂಟಲ್ಲ? ನೀನೂ ಖಲಾಸ್, ಸೆಂಟರೂ ಖಲಾಸ್. ಈ ಬ್ಯಾಚಿನವರೆಲ್ಲ ನಾಳೆಯಿಂದ ಪುನಃ ಚೀಲ ಹೊರ್ಬೇಕು. ಅದು ನಿಂಗೆ ಬೇಕಾ?"

"ಮತ್ತೆ ಸುಜಿತ?"

"ಆಪರೇಟರ್ ಪ್ಯಾನಿಕ್ ಆದ. ಅದು ಸುಳ್ಳಾ? ಅಲ್ಲ. ಅವನ ವೀಸಾ ಕ್ಯಾನ್ಸಲ್ ಆಗ್ತದೆ, ಊರಿಗೆ ಹೋಗ್ತಾನೆ. ಅವ ಪ್ರಾಯದವ, ಹೇಗಾದ್ರೂ ಬದುಕ್ತಾನೆ." ಶಾಮಸುಂದರರು ದನಿ ತಗ್ಗಿಸಿದರು. "ಇನ್‌ಸ್ಪೆಕ್ಷನ್‌ನವರು ಬಂದು ಅದನ್ನೇ ಮತ್ತೆ ಮಾಡಿ ತೋರಿಸ್ಲಿಕ್ಕೆ ಹೇಳ್ತಾರೆ. ಪುಸ್ತಕದಲ್ಲಿ ನಿಲ್ಲಿಸುವ ಸನ್ನೆ ಉಂಟಲ್ಲ, ಕೈಯನ್ನು ಭುಜದ ನೇರಕ್ಕೆ ಮುಂದೆ ಚಾಚುದು, ಹಾಗೆ ತೋರಿಸು. ಮುಗೀತು. ಮಾಫಿ ಮುಶ್ಕಿಲ್, ಎಂತ ತೊಂದ್ರೆಯೂ ಇಲ್ಲ."

ಪುಸ್ತಕದ ಸನ್ನೆ ಗೇಬ್ರಿಯಲ್‌ಗೆ ಗೊತ್ತಿರಲಿಲ್ಲವೆಂದಲ್ಲ. ಅವನೇ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದ. ಗಾಬರಿಯಾದಾಗ ಮಾತ್ರ ಕೈ ತನಗೆ ರೂಢಿಯಾದ ಎತ್ತರಕ್ಕೇ ಹೋಯಿತು. ಸುಜಿತನ ಕೈಗಳೂ ಹಾಗೆಯೇ ಹೋದವು.

ಮನೆಯಲ್ಲಿ ಮಾರ್ಟಿನಾ ಮೀನು ಕೊಯ್ಯುತ್ತ ಎಲ್ಲ ಕೇಳಿದಳು. ಅವಳು ಕ್ಲಿನಿಕ್ಕಿನಲ್ಲಿ ನರ್ಸು, ಕತ್ತರಿಸಿದ ಕಾಲು ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗಿನ ಕೋಣೆಯಲ್ಲಿ ಆಶ್ಲೆ ಹನ್ನೆರಡನೆಯ ತರಗತಿಯ ಫಿಸಿಕ್ಸು ಓದುತ್ತಿದ್ದ.

"ಸತ್ಯ ಹೇಳು ಅಂತ ನಾನು ಹೇಳಿದ್ರೆ ನಿನ್ನನ್ನು ಜೈಲಿಗೆ ಹಾಕ್ತಾರೆ," ಎಂದಳು ಅವಳು ಕೊಂಕಣಿಯಲ್ಲಿ. "ಹೇಳ್ಬೇಡ ಅಂತ ಹೇಳಿದ್ರೆ ಆ ಹುಡುಗನ ಮಾವನ ಮುಖವನ್ನು ನಾನು ಲಿಫ್ಟಿನಲ್ಲಿ ದಿನಾ ನೋಡ್ಬೇಕು. ನನ್ನನ್ನು ಕೇಳ್ಬೇಡ ಗೇಬ್ರಿ. ಆಶ್ಲೆಯ ಪರೀಕ್ಷೆ ಹತ್ತಿರ ಬಂತು."

ಚೂರಿ ಜಾರಿ ಅವಳ ಬೆರಳಿಗೆ ತಾಗಿತು. ಗೇಬ್ರಿಯಲ್ ಹಿಡಿಯಲು ಹೋದ. "ಮುಟ್ಬೇಡ," ಎಂದಳು.

ಇನ್‌ಸ್ಪೆಕ್ಷನ್ನಿಗೆ ಬಂದವರು ಮೆಹರುನ್ನಿಸ ಎಂಬ ಹೆಂಗಸು. ತಲೆಗೆ ಸ್ಕಾರ್ಫು, ಅದರ ಮೇಲೆ ಬಿಳಿ ಹೆಲ್ಮೆಟ್ಟು, ಅಪ್ಪಣೆ ಕೊಟ್ಟು ರೂಢಿಯಿದ್ದ ದನಿ. ಶಾಮಸುಂದರರು ಇಂಗ್ಲಿಷಿನಲ್ಲಿ ವಿವರಿಸುವಷ್ಟನ್ನೂ ವಿವರಿಸಲು ಬಿಟ್ಟು, ಆಮೇಲೆ ಮೆಹರುನ್ನಿಸ ಭಟ್ಕಳದ ಕನ್ನಡದಲ್ಲಿ ಮಾತಾಡಿದಾಗ ಶಾಮಸುಂದರರ ಮುಖ ಸಣ್ಣದಾಯಿತು. ಶೆಡ್ಡಿನ ನೆಲವನ್ನು ಎಷ್ಟು ತೊಳೆದಿದ್ದರೂ ಕಂಬದ ಬುಡದಲ್ಲಿ ಕಂದು ಕಲೆ ಹಾಗೆಯೇ ಇತ್ತು. ಬ್ಯಾಚಿನವರು ಹಳದಿ ಗೆರೆಯ ಆಚೆ ಹೆಲ್ಮೆಟ್ಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಇಂದು ಯಾರೂ ನಗುತ್ತಿರಲಿಲ್ಲ.

"ಕಣ್ಣಿಗೆ ಎಂತ ಆಯ್ತು?" ಎಂದು ಮೆಹರುನ್ನಿಸ ಸುಜಿತನನ್ನು ಕೇಳಿದರು.

"ಸ್ಟೇರಿಂಗ್ ತಾಗಿದ್ದು ಮೇಡಂ."

"ಹೇಗೆ ತಾಗಿತು?"

"ನನ್ನದೇ ತಪ್ಪು ಮೇಡಂ. ಸರ್ ಒಳ್ಳೆದು ಮಾಡಿಯೇ ಕಲಿಸಿದ್ದಾರೆ. ನನಗೇ ತಲೆಗೆ ಹೋಗ್ಲಿಲ್ಲ."

ಅವನು ಅದನ್ನು ಯಾರೋ ಹೇಳಿಕೊಟ್ಟದ್ದಕ್ಕೆ ಹೇಳಲಿಲ್ಲ, ನಂಬಿಯೇ ಹೇಳಿದ. ಅದನ್ನು ಕೇಳಿ ಗೇಬ್ರಿಯಲ್‌ಗೆ ಮೈಯೆಲ್ಲ ಉರಿಯಿತು. ಶಿರ್ವದ ಶಾಲೆಯಲ್ಲಿ ತಾನೂ ಬೆತ್ತ ಮುರಿದ ಮೇಷ್ಟ್ರ ಕಾಲಿಗೆ ಬಿದ್ದು ಇದೇ ಮಾತು ಹೇಳಿದ್ದ. ಅಂದು ಯಾರಾದರೂ ಮೇಷ್ಟ್ರ ಕೈ ಹಿಡಿದಿದ್ದರೆ ಎಂದು ಜೀವಮಾನದಲ್ಲಿ ಮೊದಲ ಸಲ ಅವನಿಗೆ ಅನ್ನಿಸಿತು.

ಮೆಹರುನ್ನಿಸ ಫೋರ್ಕ್‌ಲಿಫ್ಟಿನ ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಸುಜಿತ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದ.

"ಸರ್, ಆವತ್ತು ಎಲ್ಲಿ ನಿಂತಿದ್ರಿ, ಅಲ್ಲೇ ನಿಲ್ಲಿ. ಹೇಗೆ ಕೈ ತೋರಿಸಿದ್ರಿ, ಹಾಗೇ ತೋರಿಸಿ."

ಶಾಮಸುಂದರರು ಕೆಮ್ಮಿದರು.

ಗೇಬ್ರಿಯಲ್ ತನ್ನ ಜಾಗಕ್ಕೆ ಹೋಗಿ ನಿಂತ. ಕೈಯನ್ನು ಭುಜದ ನೇರಕ್ಕೆ ಮುಂದೆ ಚಾಚಿದರೆ ಆಯಿತು. ಸುಜಿತ ಸುಮ್ಮನೆ ಕೂತಿರುತ್ತಾನೆ, ಅಧಿಕಾರಿ ಬರೆದುಕೊಂಡು ಹೋಗುತ್ತಾರೆ, ಆಶ್ಲೆ ಪರೀಕ್ಷೆ ಬರೆಯುತ್ತಾನೆ, ಈ ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಸೀಟು ಹತ್ತುತ್ತಾರೆ. ಎಲ್ಲರಿಗೂ ಒಳ್ಳೆಯದೇ, ಇಬ್ಬರನ್ನು ಬಿಟ್ಟು. ಅವನ ಕೈ ಭುಜದ ತನಕ ಬಂದಿತು. ಅಲ್ಲಿ ನಿಂತಿತು. ಸುಜಿತ ಒಂದೇ ಕಣ್ಣಿನಿಂದ ಅವನನ್ನು ನೋಡುತ್ತಿದ್ದ, ಸರಿಯಾಗಿ ಮಾಡಬೇಕೆಂಬ ಆಸೆಯಿಂದ, ಇನ್ನೂ ಶಿಷ್ಯನ ಹಾಗೆ.

"ಹೀಗಾ?" ಎಂದರು ಮೆಹರುನ್ನಿಸ.

"ಅಲ್ಲ ಮೇಡಂ," ಎಂದ ಗೇಬ್ರಿಯಲ್.

"ಗೇಬ್ರಿಯಲ್!" ಎಂದರು ಶಾಮಸುಂದರರು.

ಅವನು ಬಲಗೈಯನ್ನು ತಲೆಯಿಂದ ಮೇಲಕ್ಕೆತ್ತಿದ. ಅಂಗೈ ಬಿಡಿಸಿದ. ಹಾಗೆಯೇ ಹಿಡಿದ.

ಸುಜಿತನ ಕೈಗಳು ಸ್ಟೇರಿಂಗ್ ಬಿಟ್ಟು ತಲೆಗೆ ಹೋದವು, ಮೈ ಮುದುಡಿತು, ಬಲಗಾಲು ಸತ್ತ ಪೆಡಲನ್ನು ನೆಲಕ್ಕೆ ಒತ್ತಿತು. ಮೆಹರುನ್ನಿಸ ಬರೆಯುವುದನ್ನು ನಿಲ್ಲಿಸಿದರು. ಅವರು ಸುಜಿತನನ್ನು ನೋಡಲಿಲ್ಲ, ಅವನ ಹಿಂದೆ ನೋಡುತ್ತಿದ್ದರು. ಗೇಬ್ರಿಯಲ್ ಕೂಡ ಅತ್ತ ನೋಡಿದ. ಹಳದಿ ಗೆರೆಯ ಆಚೆ, ಸಾಲಿನುದ್ದಕ್ಕೂ, ನೇಪಾಳದವರು, ಬಿಹಾರದವರು, ಕುಂದಾಪುರದವರು, ಎಲ್ಲರ ಕೈಗಳೂ ತಲೆಯ ಮೇಲಿದ್ದವು.

ಯಾರದೋ ಕೈ ತಗುಲಿ ಕಳಚಿದ ಹೆಲ್ಮೆಟ್ಟೊಂದು ಸಿಮೆಂಟಿನ ಮೇಲೆ ಉರುಳುತ್ತ ಬಂದು, ರ‍್ಯಾಕಿನ ಕಂಬಕ್ಕೆ ತಾಗಿ ನಿಂತಿತು. ಅದನ್ನು ಹೆಕ್ಕಲು ಯಾರೂ ಬಗ್ಗಲಿಲ್ಲ. ಗೇಬ್ರಿಯಲ್‌ನ ಕೈ ಇನ್ನೂ ಮೇಲೆಯೇ ಇತ್ತು. ಇಳಿಸಬೇಕೆಂದು ಅವನಿಗೆ ಗೊತ್ತಿತ್ತು. ಎಷ್ಟು ಮೆಲ್ಲಗೆ ಇಳಿಸಿದರೆ ಅವರು ಹೆದರುವುದಿಲ್ಲ ಎಂಬುದು ಮಾತ್ರ ತಿಳಿಯಲಿಲ್ಲ.